ವಾಗ್ದಾನ ವಚನದ ತಟ್ಟೆಗೆ ಕೈ ಹಾಕುವ ಮುನ್ನ: ಕನ್ನಡ ಸಭೆಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಕನ್ನಡ ಸಭೆಗಳ ಸಭಾಪಾಲಕರಿಗೆ, ಸಮಿತಿಗಳ ಹಿರಿಯರಿಗೆ ಹಾಗೂ ಎಲ್ಲ ಸಭಾ ಸದಸ್ಯರಿಗೆ ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ನಾನು ತುಮಕೂರು ಸೀಮೆಯ ಒಂದು ಸಣ್ಣ ಸಭೆಯ ಸದಸ್ಯ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿದ್ದೇನೆ. ಅದಕ್ಕಿಂತ ಹೆಚ್ಚು ವರ್ಷ ಸಂಡೇ ಸ್ಕೂಲಿನ ಮಕ್ಕಳಿಗೆ ಸತ್ಯವೇದದ, ಅಂದರೆ ಬೈಬಲಿನ, ಪಾಠ ಹೇಳಿದ್ದೇನೆ. ದೇವಶಾಸ್ತ್ರ ಓದಿದವನಲ್ಲ, ಯಾವ ಪದವಿಯಲ್ಲಿಯೂ ಇಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲ ಆರಂಭವಾಗುತ್ತಿರುವ ಈ ದಿನಗಳಲ್ಲಿಯೇ ಈ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಕೇಳಿಕೊಳ್ಳಲಿರುವ ವಿಷಯಕ್ಕೆ, ಅಂದರೆ ನಮ್ಮನ್ನು ದೇವರಿಗೆ ಒಪ್ಪಿಸಿಕೊಡುವ ಹೊಸ ವರ್ಷದ ಒಡಂಬಡಿಕೆಯ ಆರಾಧನೆಗೆ ನಿಜವಾಗಿ ಸಿದ್ಧರಾಗುವುದಕ್ಕೆ, ಕನಿಷ್ಠ ಒಂದು ತಿಂಗಳ ಸಮಯ ಬೇಕು. ಡಿಸೆಂಬರ್ 31ರ ರಾತ್ರಿ ಹೇಳಿದರೆ ಅದು ತಡವಾದಂತೆ.

ಆ ರಾತ್ರಿ ನಮ್ಮ ದೇವಾಲಯಗಳಲ್ಲಿ ಏನು ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ವಾಚ್‌ನೈಟ್ ಆರಾಧನೆಗೆ ವರ್ಷವೆಲ್ಲ ಕಾಣದ ಮುಖಗಳೂ ಬರುತ್ತವೆ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ದೀಪಗಳು ಆರುತ್ತವೆ, ಎಲ್ಲರೂ ಮೊಣಕಾಲೂರುತ್ತಾರೆ, ಗಂಟೆ ಬಾರಿಸಿದ ಮೇಲೆ ದೀಪ ಹತ್ತುತ್ತದೆ, ಕೈಕುಲುಕಾಟ ನಡೆಯುತ್ತದೆ. ಅನಂತರ ಸ್ತ್ರೀಯರ ಸಂಘದವರು ಬಿಳಿಯ ಬಟ್ಟೆ ಹಾಸಿದ ಸ್ಟೀಲ್ ತಟ್ಟೆಯಲ್ಲಿ ದೇವರ ಭರವಸೆಯ ಮಾತೊಂದನ್ನು ಸತ್ಯವೇದದಿಂದ ಆರಿಸಿ ಬರೆದ ವಾಗ್ದಾನ ವಚನದ ಕಾರ್ಡುಗಳನ್ನು ಮಗುಚಿಟ್ಟು ತರುತ್ತಾರೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ಓದಿ, ಪಕ್ಕದವರಿಗೆ ತೋರಿಸುತ್ತಾರೆ. ಆ ಕಾರ್ಡು ಮುಂದಿನ ಹನ್ನೆರಡು ತಿಂಗಳು ಫ್ರಿಜ್ಜಿನ ಬಾಗಿಲಿನ ಮೇಲೋ, ಸ್ಕೂಟರಿನ ಡಿಕ್ಕಿಯಲ್ಲಿರುವ ಆರ್‌ಸಿ ಪುಸ್ತಕದೊಳಗೋ, ಸತ್ಯವೇದದ ಹಾಳೆಗಳ ನಡುವೆಯೋ ಇರುತ್ತದೆ. ನನ್ನ ತಾಯಿ ತಮ್ಮ ಸತ್ಯವೇದದಲ್ಲಿ ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾರ್ಡುಗಳನ್ನು ಜೋಪಾನವಾಗಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವುಗಳನ್ನು ಒಂದೊಂದಾಗಿ ಓದುತ್ತ ಅತ್ತಿದ್ದೇನೆ. ಆದ್ದರಿಂದ ಈ ಪದ್ಧತಿಯನ್ನು ಹಗುರವಾಗಿ ಕಂಡು ನಾನು ಮಾತನಾಡುತ್ತಿಲ್ಲ.

ಪದ್ಧತಿ ತಪ್ಪಲ್ಲ, ಅದಕ್ಕೆ ಹಳೆಯ ಮನೆತನವೂ ಇದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ಮೊರೇವಿಯನ್ ಸಭೆಯವರು 1728ರಲ್ಲಿ ದಿನಕ್ಕೊಂದು ವಚನವನ್ನು ಮನೆಮನೆಗೆ ತಲುಪಿಸುವ ಕ್ರಮವನ್ನು ಆರಂಭಿಸಿದರು. 1731ರಿಂದ ಇಡೀ ವರ್ಷದ ವಚನಗಳು ಪುಸ್ತಕವಾಗಿ ಅಚ್ಚಾಗುತ್ತ ಬಂದು, ಇಂದಿಗೂ ಪ್ರತಿವರ್ಷ ಹೊರಬರುತ್ತಿವೆ. ಅವರು ಅದನ್ನು ಕರೆದ ‘ಲೋಸುಂಗ್’ ಎಂಬ ಹೆಸರು ಗಮನಿಸಬೇಕಾದದ್ದು. ಸೈನಿಕರಿಗೆ ಪಹರೆಯ ಹೊತ್ತಿನಲ್ಲಿ ಕೊಡುವ ಗುರುತಿನ ಮಾತಿಗೆ ಜರ್ಮನ್ ಭಾಷೆಯಲ್ಲಿ ಬಳಸುವ ಪದವೇ ಅದು. ವಚನವೆಂದರೆ ಆ ದಿನದ ಕೆಲಸಕ್ಕೆ ಹೊರಡುವಾಗ ಕೈಗೆ ಸಿಗುವ ಅಪ್ಪಣೆ ಎಂಬ ಅರ್ಥ ಅದರಲ್ಲಿತ್ತು. ನಮ್ಮ ತಟ್ಟೆಯಲ್ಲಿ ಈಗ ಅಪ್ಪಣೆಗಳಿಲ್ಲ. ಹತ್ತು ವರ್ಷಗಳಿಂದ ಕಾರ್ಡು ಹಂಚುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ. ಆಶೀರ್ವಾದ, ಏಳಿಗೆ, ರಕ್ಷಣೆ, ಬಿಡುಗಡೆ, ಹೊಸ ಬಾಗಿಲು ಇವುಗಳ ವಚನಗಳನ್ನೇ ಆರಿಸುತ್ತೇವೆ. ನಿನ್ನ ಕೂಲಿಯವನ ಕೂಲಿ ಮರುದಿನದವರೆಗೆ ನಿನ್ನಲ್ಲಿ ಉಳಿಯಬಾರದೆಂಬ ಯಾಜಕಕಾಂಡದ ಮಾತನ್ನು ಕಾರ್ಡಿಗೆ ಬರೆದು ತಟ್ಟೆಯಲ್ಲಿಟ್ಟ ಒಬ್ಬರನ್ನೂ ನಾನು ಕಂಡಿಲ್ಲ, ನಾನೂ ಇಟ್ಟಿಲ್ಲ.

ಎಲ್ಲ ಸಭೆಗಳಲ್ಲಿಯೂ ಅತಿ ಹೆಚ್ಚು ಸಲ ಕೈಗೆ ಬರುವ ವಚನ ಯೆರೆಮೀಯ 29:11 ಎಂದು ನನ್ನ ಭಾವನೆ. ನಿಮ್ಮ ಬಗ್ಗೆ ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳೇ, ಕೇಡಿನವಲ್ಲ ಎಂದು ದೇವರು ಹೇಳುವ ವಚನ ಅದು. ದಯವಿಟ್ಟು ಈ ಡಿಸೆಂಬರಿನಲ್ಲಿ ಒಂದು ಸಂಜೆ ಕುಳಿತು ಆ ಅಧ್ಯಾಯವನ್ನು ಅದರ ಹಿಂದಿನ ಅಧ್ಯಾಯದೊಂದಿಗೆ ಪೂರ್ತಿ ಓದಿರಿ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರ. ಅದಕ್ಕೆ ಸ್ವಲ್ಪ ಮೊದಲು ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಜನರೆದುರು ನಿಂತು, ಎರಡೇ ವರ್ಷಗಳಲ್ಲಿ ಎಲ್ಲವೂ ಮರಳಿ ಬರುವುದೆಂದು ವಾಗ್ದಾನ ಮಾಡಿದ್ದನು. ಜನರಿಗೆ ಹಿತವಾಗಿದ್ದುದು ಆ ಮಾತೇ ಇರಬೇಕು. ಯೆರೆಮೀಯನು ಬರೆದದ್ದು ಬೇರೆ: ಎಪ್ಪತ್ತು ವರ್ಷಗಳಾಗುವುವು, ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ. ಆ ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಮರಳುವ ದಿನವನ್ನು ಕಾಣಲು ಬದುಕಿರುವುದು ಸಾಧ್ಯವಿರಲಿಲ್ಲ. ಪಟ್ಟಣಕ್ಕಾಗಿ ಪ್ರಾರ್ಥಿಸಿರೆಂಬ ಏಳನೆಯ ವಚನದ ಅಪ್ಪಣೆಯನ್ನು ಬಿಟ್ಟು ಹನ್ನೊಂದನೆಯ ವಚನವನ್ನು ಮಾತ್ರ ಕತ್ತರಿಸಿ ಕಾರ್ಡು ಮಾಡಿದಾಗ, ಅದು ಯೆರೆಮೀಯನ ಬಾಯಿಂದ ಬಂದ ಮಾತಾದರೂ ನಮ್ಮ ಕಿವಿಗೆ ಹನನ್ಯನ ಮಾತಾಗಿಯೇ ಕೇಳಿಸುತ್ತದೆ.

ಹಾಗಾದರೆ ಹೊಸ ವರ್ಷಕ್ಕೆ ಕಾಲಿಡಲು ನಮ್ಮ ಸಭೆಗಳಲ್ಲಿ ಬೇರೆ ಏನಿದೆ? ಇದೆ, ನಮ್ಮ ಕೈಯಲ್ಲಿಯೇ ಇದೆ. 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿದ್ದ ಫ್ರೆಂಚ್ ದೇವಾಲಯದಲ್ಲಿ ಮೆಥಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ಅವರು ಮೊದಲ ಒಡಂಬಡಿಕೆಯ ಆರಾಧನೆ ನಡೆಸಿದರು. ಸುಮಾರು 1,800 ಮಂದಿ ಎದ್ದು ನಿಂತು ಸಮ್ಮತಿ ಸೂಚಿಸಿದರೆಂದು ಅವರು ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಮುಂದೆ ಅದು ಹೊಸ ವರ್ಷದ ಆರಾಧನೆಯಾಗಿ ನೆಲೆಗೊಂಡಿತು. 1830ರ ದಶಕದಲ್ಲಿ ನಮ್ಮ ಗುಬ್ಬಿಗೆ ಬಂದು ನೆಲೆಸಿದ ವೆಸ್ಲಿಯನ್ ಮಿಷನರಿಗಳು ಇದೇ ಸಂಪ್ರದಾಯದವರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆಂಗ್ಲಿಕನ್, ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳೊಂದಿಗೆ ಮೆಥಡಿಸ್ಟರೂ ಸೇರಿದರು. ಅವರು ತಂದ ಆಸ್ತಿಯಲ್ಲಿ ಈ ಆರಾಧನೆಯೂ ಒಂದು. ಆಸ್ಪತ್ರೆ ಶಾಲೆಗಳ ಕಟ್ಟಡಗಳನ್ನು ನಾವು ಕಾವಲಿಟ್ಟು ಕಾಯುತ್ತಿದ್ದೇವೆ. ಈ ಆಸ್ತಿಗೆ ಮಾತ್ರ ಕಾವಲಿಲ್ಲ.

ಆ ಆರಾಧನೆಯ ಪ್ರಾರ್ಥನೆಯನ್ನು ನೀವೆಲ್ಲ ಒಂದಲ್ಲ ಒಂದು ರೂಪದಲ್ಲಿ ಓದಿದ್ದೀರಿ. ಅದರ ಹುರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಕರ್ತನೇ, ನಾನಿನ್ನು ನನ್ನವನಲ್ಲ, ನಿನ್ನವನು. ನಿನ್ನ ಇಷ್ಟದ ಕೆಲಸಕ್ಕೆ ನನ್ನನ್ನು ಹಚ್ಚು, ನಿನಗೆ ಬೇಕಾದವರ ಸಾಲಿನಲ್ಲಿ ನನ್ನನ್ನು ನಿಲ್ಲಿಸು. ನಿನಗಾಗಿ ದುಡಿಯುವಂತೆಯೂ ಮಾಡು, ಬೇಕಾದರೆ ನಿನಗಾಗಿ ಪಕ್ಕಕ್ಕೂ ಇಡು. ತುಂಬಿಸಿದರೂ ಸರಿ, ಬರಿದು ಮಾಡಿದರೂ ಸರಿ. ಇದರಲ್ಲಿ ನಮಗೆ ಏನು ಸಿಗುತ್ತದೆಂಬ ಮಾತೇ ಇಲ್ಲ. ವರ್ಷದ ಮೊದಲ ಭಾನುವಾರ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನಕ್ಕೆ ಮುಂಚೆ, ಪ್ರಕಟಣೆಗಳಿಗೂ ಕಾಣಿಕೆಯ ಗೀತೆಗೂ ನಡುವೆ, ಒಂದೇ ಉಸಿರಿನಲ್ಲಿ ನಾವು ಇದನ್ನು ಓದಿ ಮುಗಿಸುತ್ತೇವೆ. ನಾನು ಹೀಗೆ ಓದಿದ್ದು ನಲವತ್ತು ಸಲವಾದರೂ ಆಗಿರಬೇಕು. ಅದರಲ್ಲಿ ಹನ್ನೆರಡು ಸಲ ಸುಳ್ಳಾಗಿ ಓದಿದೆ. ಅದನ್ನು ಇಲ್ಲಿ ಹೇಳದೆ ಬೇರೆಯವರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ನಮ್ಮ ತಂದೆ ಉಯಿಲು ಬರೆಯದೆ ತೀರಿಕೊಂಡರು. ತಾಯಿಯೂ ಹೋದ ಮೇಲೆ ಉಳಿದದ್ದು ಊರಿನ ಮನೆ, ಅದರ ಹಿಂದಿನ ಹಿತ್ತಲು, ಇಬ್ಬರು ಮಕ್ಕಳು: ನಾನು ಮತ್ತು ನನ್ನ ತಂಗಿ. ನಮ್ಮ ಸಮುದಾಯಕ್ಕೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೊಂದು ಪಾಲು, ಮಗಳಿಗೊಂದು ಪಾಲು ಎಂಬ ಭೇದವಿಲ್ಲ, ಇಬ್ಬರಿಗೂ ಸಮಪಾಲು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಒಂದು ಮಂಗಳವಾರ ಅವಳು ಅರಸೀಕೆರೆಯಿಂದ ಬೆಳಗಿನ ರೈಲಿಗೆ ಬಂದಳು. ನೋಂದಣಿ ಕಚೇರಿಯ ಪಡಸಾಲೆಯಲ್ಲಿ ಪತ್ರಬರಹಗಾರನು ಹಾಳೆ ಮಗುಚುತ್ತ ಹೋದ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲೆಲ್ಲ ಅವಳು ಸಹಿ ಹಾಕುತ್ತ ಹೋದಳು. ಹೆಬ್ಬೆಟ್ಟಿನ ಶಾಯಿ ಒರೆಸಿಕೊಳ್ಳಲು ನನ್ನ ಕರವಸ್ತ್ರವನ್ನೇ ಕೊಟ್ಟೆ. ಮಧ್ಯಾಹ್ನ ಹೋಟೆಲಿನಲ್ಲಿ ಊಟ ಹಾಕಿಸಿ, ಒಂದು ಸೀರೆ ಕೊಡಿಸಿ, ಸಂಜೆಯ ರೈಲಿಗೆ ಹತ್ತಿಸಿದೆ. ಅಣ್ಣ ತಂಗಿಯ ನಡುವೆ ಜಗಳವೇನೂ ಆಗಲಿಲ್ಲ. ಕ್ರಿಸ್ಮಸ್ಸಿಗೆ ಅವಳು ಬರುವುದು ಮಾತ್ರ ನಿಂತಿತು. ದೂರ, ಆರೋಗ್ಯ, ಮಕ್ಕಳ ಓದು ಎಂದು ಪ್ರತಿ ವರ್ಷ ಒಂದೊಂದು ಕಾರಣ ಹೇಳುತ್ತಿದ್ದಳು, ನಾನು ನಂಬುತ್ತಿದ್ದೆ.

ಹನ್ನೆರಡು ವರ್ಷಗಳಾದ ಮೇಲೆ, ಕಳೆದ ಜನವರಿಯ ಒಡಂಬಡಿಕೆಯ ಆರಾಧನೆಯ ಹಿಂದಿನ ವಾರ, ಸಂಡೇ ಸ್ಕೂಲಿನಲ್ಲಿ ಸುಂಕದವನಾದ ಜಕ್ಕಾಯನ ಪಾಠ ಬಂತು. ಲೂಕನ ಸುವಾರ್ತೆಯ 19ನೆಯ ಅಧ್ಯಾಯ. ಮರ ಹತ್ತಿದ್ದು, ಇಳಿದದ್ದು, ಯೇಸು ಅವನ ಮನೆಗೆ ಹೋದದ್ದು ಎಲ್ಲವನ್ನೂ ಮಕ್ಕಳಿಗೆ ಚಿತ್ರ ತೋರಿಸಿ ಹೇಳಿದೆ. ಐದನೆಯ ತರಗತಿಯ ಒಬ್ಬ ಹುಡುಗಿ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದನಲ್ಲ ಸಾರ್, ಆಮೇಲೆ ನಿಜವಾಗಿ ಕೊಟ್ಟನಾ ಎಂದು ಕೇಳಿದಳು. ಅದು ಬರೆದಿಲ್ಲಮ್ಮ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗು ಎಂದು ಕರ್ತನು ಹೇಳಿದ ಮಾತನ್ನು ನಾನು ನೂರಾರು ಸಲ ಓದಿದ್ದೆ. ನನಗೆ ಅವರ ಮೇಲೆ ಕೋಪವಿಲ್ಲ ಎಂದರೆ ಸಾಕೆಂದು ತಿಳಿದಿದ್ದೆ. ವಚನ ಕೇಳುವುದು ನನ್ನ ಕೋಪದ ವಿಷಯವನ್ನಲ್ಲ, ನನ್ನಿಂದ ನೊಂದವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು.

ಆ ಭಾನುವಾರ ಎಲ್ಲರೂ ಎದ್ದು ಪ್ರಾರ್ಥನೆ ಓದುವಾಗ ನಾನು ಕುಳಿತೇ ಇದ್ದೆ. ಭೋಜನಕ್ಕೂ ಹೋಗಲಿಲ್ಲ. ಮರುದಿನ ಅರಸೀಕೆರೆಗೆ ಹೋಗಿ, ತಂಗಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿನ್ನ ಪಾಲನ್ನು ಇವತ್ತಿನ ಬೆಲೆಗೆ ಲೆಕ್ಕ ಹಾಕಿ ಕೊಡುತ್ತೇನೆ ಎಂದೆ. ಅವಳು ಕಾಫಿ ಸೋಸುತ್ತಿದ್ದಳು. ಸೋಸಿ ಮುಗಿಸಿ, ಲೋಟ ನನ್ನ ಕೈಗೆ ಕೊಟ್ಟು ಹೇಳಿದಳು: “ದುಡ್ಡಿನ ಮಾತು ಆಮೇಲಿರಲಿ ಅಣ್ಣ. ಅವತ್ತು ನೀನು ಒಂದು ಮಾತು ಕೇಳಿದ್ದರೆ ನಾನೇ ಬಿಟ್ಟುಕೊಡ್ತಿದ್ದೆ. ನೀನು ಕೇಳಲಿಲ್ಲ, ಎಲ್ಲಿ ಸೈನ್ ಹಾಕಬೇಕು ಅಂತ ತೋರಿಸಿದೆ.”

ಅವಳ ಪಾಲಿನ ಅರ್ಧವನ್ನು ನಿವೃತ್ತಿಯ ಹಣದಲ್ಲಿ ಕೊಟ್ಟಿದ್ದೇನೆ. ಉಳಿದರ್ಧಕ್ಕೆ ಹಿತ್ತಲಿನ ಜಾಗವನ್ನು ಮಾರಲು ಮಾತುಕತೆ ಮುಗಿದಿದೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಕೆಲವರು ನನಗೆ ನೆನಪಿಸಬಹುದು. ಅದು ದಾನದ ವಿಷಯವಾಗಿ ಕರ್ತನು ಹೇಳಿದ್ದು. ಇದು ದಾನವಲ್ಲ, ಸಾಲ. ನನ್ನಂತೆ ತಂಗಿಯರಿಂದ, ಅಕ್ಕಂದಿರಿಂದ ಸಹಿ ಹಾಕಿಸಿಕೊಂಡು ನೆಮ್ಮದಿಯಾಗಿ ಭೋಜನದ ಮೇಜಿಗೆ ಹೋಗುತ್ತಿರುವ ಅಣ್ಣತಮ್ಮಂದಿರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆಂದು ನನಗೆ ತಿಳಿದಿರುವುದರಿಂದ ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

ಅದೇ ಪ್ರಾರ್ಥನೆಯ ಇನ್ನೊಂದು ಮಾತಿನ ಬಗ್ಗೆಯೂ ಹೇಳಬೇಕಾಗಿದೆ. ನಿನಗೆ ಬೇಕಾದವರ ಸಾಲಿನಲ್ಲಿ ನನ್ನನ್ನು ನಿಲ್ಲಿಸು ಎನ್ನುತ್ತೇವಲ್ಲ, ಆ ಸಾಲು ಯಾವುದು? ನಮ್ಮಲ್ಲಿ ಮದುವೆಯ ಪ್ರಸ್ತಾಪ ಬಂದಾಗ ಮೊದಲು ಸಭೆಯ ಹೆಸರು ಕೇಳುತ್ತೇವೆ, ಆಮೇಲೆ ಊರು, ಆಮೇಲೆ ದನಿ ತಗ್ಗಿಸಿ “ಮೊದಲು ಯಾರಾಗಿದ್ದರು” ಎಂದು ಕೇಳುತ್ತೇವೆ. ನಾಲ್ಕು ತಲೆಮಾರುಗಳ ಹಿಂದೆ ದೀಕ್ಷಾಸ್ನಾನ ಪಡೆದ ಕುಟುಂಬಗಳಲ್ಲಿಯೂ ಈ ಪ್ರಶ್ನೆ ಸತ್ತಿಲ್ಲ. 1950ರ ರಾಷ್ಟ್ರಪತಿಗಳ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯ ಹೊರಗಿಟ್ಟಿದೆ. ಅದನ್ನು ತಿದ್ದಬೇಕೆಂದು ನಾವು ದಶಕಗಳಿಂದ ಕೇಳುತ್ತಿದ್ದೇವೆ, ಆ ಬೇಡಿಕೆ ನ್ಯಾಯವಾದದ್ದು. ಧರ್ಮ ಬದಲಾದರೂ ಜಾತಿಯ ಅವಮಾನ ಬಿಟ್ಟು ಹೋಗಲಿಲ್ಲ ಎಂಬುದು ನಮ್ಮ ವಾದ. ಆ ಅವಮಾನ ಬಿಟ್ಟು ಹೋಗದಿರಲು ಊರಿನವರಷ್ಟೇ ಕಾರಣರೆಂದು ಹೇಳುವ ಧೈರ್ಯ ನನಗಿಲ್ಲ. ದೇವಾಲಯದೊಳಗೆ ಒಂದೇ ಪಾತ್ರೆಯಿಂದ ಕುಡಿದು, ಹೊರಗೆ ಬಂದು ಮಕ್ಕಳ ಮದುವೆಗೆ ಬೇರೆ ಬೇರೆ ಸಾಲು ಹಿಡಿಯುವ ನಾವು ಆ ವಾದದ ಸಾಕ್ಷಿಗಳೂ ಹೌದು, ಅಪರಾಧಿಗಳೂ ಹೌದು. ಮುಂದಿನ ವರ್ಷ ಮಗನಿಗೋ ಮಗಳಿಗೋ ಸಂಬಂಧ ನೋಡಬೇಕಾದವರು, ಆ ಪ್ರಶ್ನೆಯನ್ನು ಕೇಳುವುದಿಲ್ಲ, ಕೇಳಿದವರಿಗೆ ಉತ್ತರಿಸುವುದಿಲ್ಲ ಎಂದು ಒಡಂಬಡಿಕೆಯ ಭಾನುವಾರ ದೇವರ ಮುಂದೆ ನಿಶ್ಚಯಿಸಿಕೊಂಡರೆ, ಹತ್ತು ಉಪವಾಸ ಪ್ರಾರ್ಥನೆಗಳಿಗಿಂತ ಅದು ಭಾರವಾದದ್ದೆಂದು ನಾನು ನಂಬುತ್ತೇನೆ.

ಪಕ್ಕಕ್ಕಿಡು ಎಂಬ ಮಾತು ಹಿರಿಯರಿಗೆ ಸಂಬಂಧಿಸಿದ್ದು. ಸಮಿತಿಯ ಚುನಾವಣೆಯಲ್ಲಿ ಸೋತವರು ಮುಂದಿನ ಮೂರು ವರ್ಷ ಬೇರೆ ಸಭೆಗೆ ಹೋಗುವುದನ್ನೂ, ಗೆದ್ದವರು ಸೋತವರ ಮನೆಯ ಸಾವಿಗೆ ತಡವಾಗಿ ಬರುವುದನ್ನೂ, ಸಭೆಯ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿ ಕಾಣಿಕೆಯ ಹಣ ವಕೀಲರ ಶುಲ್ಕಕ್ಕೆ ಹೋಗುವುದನ್ನೂ ಕಂಡಿದ್ದೇವೆ. ಸಹೋದರರು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಖಂಡಿಸುವ, ಕೊರಿಂಥದವರಿಗೆ ಅಪೊಸ್ತಲನಾದ ಪೌಲನು ಬರೆದ ಮೊದಲ ಪತ್ರದ ಆರನೆಯ ಅಧ್ಯಾಯವನ್ನು ಸಮಿತಿಯ ವರ್ಷದ ಮೊದಲ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಸಾಕು. ನಾನು ಹೆಚ್ಚಿಗೆ ಹೇಳಬೇಕಾಗಿಲ್ಲ.

ಮನೆಯ ಕುಟುಂಬ ಪ್ರಾರ್ಥನೆ, ಸತ್ಯವೇದದ ದಿನದ ಓದು, ದಶಮಾಂಶ ಇವುಗಳನ್ನು ಮರೆತು ಬರೆಯುತ್ತಿಲ್ಲ. ಇವುಗಳ ಬಗ್ಗೆ ಪ್ರತಿ ಜನವರಿಯಲ್ಲಿ ಒಳ್ಳೆಯ ಪ್ರಸಂಗಗಳನ್ನು ಕೇಳುತ್ತೇವೆ, ಕೇಳುತ್ತಲೂ ಇರಬೇಕು. ನಾನು ಆ ಹನ್ನೆರಡು ವರ್ಷವೂ ಬೆಳಗಿನ ಓದನ್ನು ಒಂದು ದಿನವೂ ತಪ್ಪಿಸಿರಲಿಲ್ಲ, ದಶಮಾಂಶವನ್ನೂ ಕೊಟ್ಟಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು.

ಸಭಾಪಾಲಕರಲ್ಲಿ ನನ್ನ ಬಿನ್ನಹ ಇಷ್ಟು. ಒಡಂಬಡಿಕೆಯ ಆರಾಧನೆಗೆ ವರ್ಷದ ಮೊದಲ ಭಾನುವಾರವನ್ನು ಪೂರ್ತಿಯಾಗಿ ಮೀಸಲಿಡಿರಿ. ಅದು ಸೇರ್ಪಡೆಯಾಗದೆ ಆ ದಿನದ ಆರಾಧನೆಯೇ ಆಗಲಿ. ಆಗಮನ ಕಾಲದ ಎರಡನೆಯ ಭಾನುವಾರದಿಂದಲೇ ಪ್ರಾರ್ಥನೆಯ ಪ್ರತಿಯನ್ನು ಮನೆಮನೆಗೆ ಹಂಚಿ, ಕ್ಯಾರಲ್ ತಂಡದವರು ಮನೆಗಳಿಗೆ ಹೋದಾಗ ಒಯ್ಯಲಿ. ಕೊಡಬೇಕಾದದ್ದು, ಕ್ಷಮೆ ಕೇಳಬೇಕಾದದ್ದು, ಸರಿಪಡಿಸಬೇಕಾದದ್ದು ಇದ್ದವರು ಅಷ್ಟರಲ್ಲಿ ಹೋಗಿ ಬರಲಿ ಎಂದು ವೇದಿಕೆಯಿಂದ ಸ್ಪಷ್ಟವಾಗಿ ತಿಳಿಸಿರಿ. ಮನೆಗೆಲಸದವರ, ಹೊಲದ ಕೂಲಿಯವರ ಬಾಕಿಯನ್ನು ವರ್ಷ ದಾಟಿಸಬಾರದೆಂದೂ ಹೇಳಿರಿ. ಪ್ರಾರ್ಥನೆಯನ್ನು ಒಟ್ಟಾಗಿ ಓದುವ ಮೊದಲು ಕಾಲು ಗಂಟೆ ಮೌನವಿರಲಿ, ಕೀಬೋರ್ಡ್ ಕೂಡ ನಿಲ್ಲಲಿ. ಇನ್ನೂ ಸಿದ್ಧರಾಗದವರು ಕುಳಿತೇ ಇರಬಹುದು, ಅವರ ಕಡೆಗೆ ಯಾರೂ ತಿರುಗಿ ನೋಡಬಾರದು ಎಂದು ಮುಂಚಿತವಾಗಿ ಹೇಳಿರಿ. ಸುಳ್ಳು ನಿಲ್ಲುವುದಕ್ಕಿಂತ ನಿಜವಾಗಿ ಕೂರುವುದು ಮೇಲೆಂದು ನನ್ನ ಅನುಭವ. ಸಾಧ್ಯವಾದರೆ ಮೊದಲು ತಾವು ಒಬ್ಬರೇ ವೇದಿಕೆಯಿಂದ ಕೆಳಗಿಳಿದು, ಜನರ ನಡುವೆ ನಿಂತು ಅದನ್ನು ಓದಿರಿ.

ಸ್ತ್ರೀಯರ ಸಂಘದ ಸಹೋದರಿಯರು ವಾಗ್ದಾನ ವಚನದ ತಟ್ಟೆಯನ್ನು ತರುವುದನ್ನು ನಿಲ್ಲಿಸಬೇಕಾಗಿಲ್ಲ. ಕಾರ್ಡಿನ ಒಂದು ಮಗ್ಗುಲಲ್ಲಿ ವಾಗ್ದಾನವಿದ್ದರೆ ಇನ್ನೊಂದು ಮಗ್ಗುಲಲ್ಲಿ ಒಂದು ಅಪ್ಪಣೆಯನ್ನು ಬರೆಯಿರಿ. ಎರಡೂ ಅದೇ ಬಾಯಿಂದ ಬಂದವು. ಈ ವರ್ಷ ನಮ್ಮ ಸಭೆಯ ಕಾರ್ಡುಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಯೆರೆಮೀಯ 29:11ರ ಹಿಂಬದಿಗೆ 29:7ನ್ನು ಬರೆದಾಗಿದೆ, ಯಾಜಕಕಾಂಡ 19:13ನ್ನೂ ಬರೆದಿದ್ದೇನೆ.

ಹಿತ್ತಲಿನ ಕ್ರಯಪತ್ರದ ನೋಂದಣಿ ಡಿಸೆಂಬರ್ ಕೊನೆಯ ವಾರಕ್ಕೆ ಗೊತ್ತಾಗಿದೆ. ಆ ದಿನವೇ ತಂಗಿಯ ಖಾತೆಗೆ ಉಳಿದ ಹಣ ಹೋಗುತ್ತದೆ. ಜನವರಿಯ ಮೊದಲ ಭಾನುವಾರಕ್ಕೆ ಬರುತ್ತೀಯಾ ಎಂದು ಫೋನಿನಲ್ಲಿ ಕೇಳಿದೆ. ಈ ಸಲ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆರಾಧನೆ ಎಷ್ಟು ಗಂಟೆಗೆ ಎಂದಳು. ಒಂಬತ್ತಕ್ಕೆ ಎಂದು ಹೇಳಿದ್ದೇನೆ.

ಕರ್ತನಲ್ಲಿ ನಿಮ್ಮ ಸಹೋದರ,
ತುಮಕೂರು ಜಿಲ್ಲೆಯ ಒಬ್ಬ ಸಭಾ ಸದಸ್ಯ